ಎಡಗೈ ಮಾಡಿದ ತಪ್ಪು, ಮೇಷ್ಟ್ರು ಮಾಡಿದ ತಪ್ಪು



ನನ್ನ ಎಪ್ಪತ್ತೆರಡನೆಯ ವಯಸ್ಸಿನಲ್ಲಿ, ಕಳೆದ ದೀಪಾವಳಿಯ ರಜೆಯಲ್ಲಿ, ನಾನೊಂದು ಸ್ಪೋರ್ಟ್ಸ್ ಬೈಕ್ ಓಡಿಸಿದೆ. ಈ ಸುದ್ದಿ ನಿಮ್ಮಲ್ಲಿ ಕೆಲವರನ್ನು ಆಗಲೇ ತಲುಪಿದೆ. ಅದು ಬಾಯಿಂದ ಬಾಯಿಗೆ ಬೆಳೆದು "ಮೇಷ್ಟ್ರು ಚಾರ್ಮಾಡಿ ಘಾಟಿಯಲ್ಲಿ ರೇಸ್ ಹೋದರಂತೆ" ಎಂಬಲ್ಲಿಯವರೆಗೆ ಬಂದಿರುವುದೂ ನನ್ನ ಕಿವಿಗೆ ಬಿದ್ದಿದೆ. ನಡೆದದ್ದು ಅಷ್ಟು ರೋಚಕವಾದುದಲ್ಲ. ಆದರೆ ಮೂವತ್ತು ವರ್ಷಗಳಿಗೂ ಹಿಂದೆ ನಾನು ಕೊಟ್ಟಿದ್ದ ಒಂದು ತೀರ್ಪನ್ನು ತಿದ್ದಿಕೊಳ್ಳಬೇಕಾದ ಪ್ರಸಂಗ ಅದರಿಂದ ಒದಗಿತು. ಅದನ್ನು ನಿಮ್ಮೆದುರು ಹೇಳಿಕೊಳ್ಳುವುದು ನನ್ನ ಕರ್ತವ್ಯವೆಂದು ಭಾವಿಸಿ ಬರೆಯುತ್ತಿದ್ದೇನೆ.

ಹಾಸನದಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಮೊಮ್ಮಗ ಹಬ್ಬಕ್ಕೆ ಬರುವಾಗ ಬಸ್ಸಿನಲ್ಲಿ ಬರಲಿಲ್ಲ. ನೀಲಿ ಬಣ್ಣದ ಯಮಹಾ ಆರ್15 ಒಂದರ ಮೇಲೆ ಬಂದಿಳಿದ. ಹಿರಿಯ ವಿದ್ಯಾರ್ಥಿಯೊಬ್ಬನಿಂದ ಕೊಂಡದ್ದಂತೆ. ಅವನು ಮನೆ ಸೇರುವ ಮೊದಲೇ ಮಗಳ ಫೋನು ಬಂದಿತ್ತು. "ಅಪ್ಪಾ, ನೀವು ಹೇಳಿದರೆ ಅವನು ಕೇಳುತ್ತಾನೆ. ಹೇಗಾದರೂ ಮಾಡಿ ಆ ಗಾಡಿ ಮಾರಿಸಿಬಿಡಿ. ಅದನ್ನು ನೋಡಿದರೇ ನನಗೆ ಎದೆ ಝಲ್ಲೆನ್ನುತ್ತದೆ" ಎಂದಳು. ತಾಯಿಯ ಭಯ ನನಗೆ ಅರ್ಥವಾಗದ್ದೇನಲ್ಲ. ಆದರೆ ಓದದ ಉತ್ತರಪತ್ರಿಕೆಗೆ ಅಂಕ ಹಾಕುವ ಅಭ್ಯಾಸ ನನಗೆ ಎಂದೂ ಇರಲಿಲ್ಲ. "ಮೊದಲು ನಾನೇ ಒಂದು ಸಲ ಓಡಿಸಿ ನೋಡುತ್ತೇನೆ, ಆಮೇಲೆ ಹೇಳುತ್ತೇನೆ" ಎಂದೆ. ಮಗಳು ಮಾತಾಡಲಿಲ್ಲ. ಪಕ್ಕದಲ್ಲಿದ್ದ ನನ್ನ ಪತ್ನಿ ಮಾತ್ರ, "ಈ ಪ್ರಾಯದಲ್ಲಿ ಇದೊಂದು ಬಾಕಿ ಇತ್ತು" ಎಂದಳು.

ನನ್ನ ವಾಹನಚರಿತ್ರೆ ನಿಮಗೆ ತಿಳಿದದ್ದೇ. 1981ರಲ್ಲಿ ಸಾಲ ಮಾಡಿ ಕೊಂಡ ಸೆಕೆಂಡ್ ಹ್ಯಾಂಡ್ ಬುಲೆಟ್ 350ನ್ನು ಮೂವತ್ಮೂರು ವರ್ಷ ಓಡಿಸಿದೆ. ಅದರ ಸದ್ದು ಕೇಳಿಯೇ ನೀವು ತರಗತಿಯಲ್ಲಿ ಗದ್ದಲ ನಿಲ್ಲಿಸುತ್ತಿದ್ದಿರಿ ಎಂಬುದು ನನಗೂ ಗೊತ್ತಿತ್ತು. ಆದ್ದರಿಂದಲೇ ಕೆಲವೊಮ್ಮೆ ಗೇಟಿನ ಆಚೆಗೇ ಎಂಜಿನ್ ಆರಿಸಿ ತಳ್ಳಿಕೊಂಡು ಬರುತ್ತಿದ್ದೆ. ನಿವೃತ್ತನಾದ ಮರುವರ್ಷ, 2014ರಲ್ಲಿ, ಮೊಣಕಾಲಿನ ನೋವಿಗೆ ಶರಣಾಗಿ ಅದನ್ನು ಮಾರಿ ಗೇರಿಲ್ಲದ ಸ್ಕೂಟರ್ ಕೊಂಡೆ. ವೈದ್ಯರ ಪ್ರಮಾಣಪತ್ರ ಕೊಟ್ಟು ನವೀಕರಿಸಿಕೊಂಡ ಚಾಲನಾ ಪರವಾನಗಿ ಇನ್ನೂ ಚಾಲ್ತಿಯಲ್ಲಿದೆ. ಎಂದಮೇಲೆ ಅಧಿಕಾರಕ್ಕೇನೂ ಕೊರತೆಯಿರಲಿಲ್ಲ. ಕೊರತೆ ಇದ್ದದ್ದು ವಿನಯಕ್ಕೆ.

ಮೊಮ್ಮಗ ವಿವೇಕಿ. "ಅಜ್ಜ, ಮೊದಲು ಶಾಲೆಯ ಮೈದಾನದಲ್ಲಿ ಅರ್ಧ ಗಂಟೆ ಓಡಿಸಿ ನೋಡಿ" ಎಂದ. "ನಿನ್ನಮ್ಮ ಹುಟ್ಟುವುದಕ್ಕೆ ಮೊದಲೇ ಗೇರ್ ಹಾಕಿದವನು ನಾನು" ಎಂದು ಅವನ ಬಾಯಿ ಮುಚ್ಚಿಸಿ, ಹೆಲ್ಮೆಟ್ ಧರಿಸಿ, ನೇರವಾಗಿ ಮೂಡಿಗೆರೆಯ ಕಡೆಯ ರಸ್ತೆಗೆ ಹೊರಟೆ. ಅವನು ನನ್ನ ಸ್ಕೂಟರಿನಲ್ಲಿ ಹಿಂದೆ ಬಂದ.

ಎರಡು ಕಿಲೋಮೀಟರ್ ಸುಗಮವಾಗಿಯೇ ಸಾಗಿತು. ಮೂರನೆಯ ಗೇರಿನಲ್ಲಿದ್ದೆ, ಮೀಟರಿನಲ್ಲಿ 38 ಎಂದು ತೋರುತ್ತಿತ್ತು. ಕಾಫಿ ತೋಟವೊಂದರ ಗೇಟಿನಿಂದ ಕರುವೊಂದು ಚಂಗನೆ ರಸ್ತೆಗೆ ನೆಗೆಯಿತು. ಮುಂದಿನ ಎರಡು ಕ್ಷಣಗಳಲ್ಲಿ ನಾನು ಯಾವುದನ್ನೂ ಯೋಚಿಸಿ ಮಾಡಲಿಲ್ಲ. ಕೈಕಾಲುಗಳು ತಮಗೆ ತಿಳಿದದ್ದನ್ನು ತಾವೇ ಮಾಡಿದವು. ಎಡಗಾಲು ಬಲವಾಗಿ ತುಳಿಯಿತು. ಎಡಗೈ ಪೂರ್ಣ ಮುಷ್ಟಿಯಿಂದ ಹಿಡಿಯಿತು. ಬಲಗೈ ಮುಂದಿನ ಬ್ರೇಕನ್ನು ಎಳೆಯಿತು. ಎಂಜಿನ್ ಒಮ್ಮೆ ವಿಕಾರವಾಗಿ ಅರಚಿತು. ಬಲಗೈ ಬೆರಳುಗಳ ಕೆಳಗೆ ಲಿವರ್ ಟಕಟಕನೆ ಮಿಡಿಯಿತು. ಗಾಡಿ ನಿಂತಾಗ ಕರು ಎರಡು ಮಾರು ದೂರದಲ್ಲಿ ನನ್ನನ್ನೇ ನೋಡುತ್ತಿತ್ತು.

ಹಿಂದಿನಿಂದ ಬಂದ ಮೊಮ್ಮಗ ಬೆವರಿಹೋಗಿದ್ದ. ಅವನು ಕೇಳಿದ ಮೊದಲ ಪ್ರಶ್ನೆ ಇದು: "ಅಜ್ಜ, ಕರು ಅಡ್ಡ ಬಂದಾಗ ಯಾಕೆ ಅಷ್ಟು ಜೋರು ಮಾಡಿದಿರಿ?"

ನಾನು ಜೋರು ಮಾಡಿರಲಿಲ್ಲ. ಆ ಪ್ರಶ್ನೆ ನನ್ನನ್ನು ಆ ರಾತ್ರಿಯೆಲ್ಲ ನಿದ್ರೆಗೆಡಿಸಿತು. ಅದಕ್ಕೆ ಕಾರಣವನ್ನು ಮುಂದೆ ಹೇಳುತ್ತೇನೆ. ಮೊದಲು ನಡೆದದ್ದೇನೆಂಬುದನ್ನು ಬಿಡಿಸಿ ನೋಡೋಣ.

ನನ್ನ ಹಳೆಯ ಬುಲೆಟ್ಟು ಬ್ರಿಟಿಷ್ ಸಂಪ್ರದಾಯದ್ದು. ಅದರ ಗೇರ್ ಬಲಗಾಲಿಗೆ, ಹಿಂದಿನ ಬ್ರೇಕ್ ಎಡಗಾಲಿಗೆ. ಮೊದಲನೆಯ ಗೇರ್ ಮೇಲಕ್ಕೆ, ಉಳಿದ ಮೂರು ಕೆಳಕ್ಕೆ. ಆ ಕಾಲದಲ್ಲಿ ಒಂದೊಂದು ಗಾಡಿಗೂ ಅದರದೇ ವ್ಯಾಕರಣವಿತ್ತು. ನಮ್ಮ ಮೈಸೂರಿನಲ್ಲೇ ತಯಾರಾಗುತ್ತಿದ್ದ ಯೆಜ್ಡಿಯಲ್ಲಿ ಕಿಕ್ ಹೊಡೆಯುವ ಲಿವರೇ ಗೇರಿನ ಲಿವರೂ ಆಗಿತ್ತು. ಈಗಿನ ಮೋಟಾರ್ ಸೈಕಲ್ಲುಗಳಲ್ಲಿ ಗೇರ್ ಎಡಗಾಲಿಗೆ, ಬ್ರೇಕ್ ಬಲಗಾಲಿಗೆ. ರಾಯಲ್ ಎನ್‌ಫೀಲ್ಡಿನವರೂ ಆಮೇಲೆ ಅದೇ ಕ್ರಮಕ್ಕೆ ಬಂದರು. ನನ್ನ ಎಡಗಾಲಿಗೆ ಆ ಸುದ್ದಿ ತಲುಪಿರಲಿಲ್ಲ. ಮೂವತ್ಮೂರು ವರ್ಷದ ರೂಢಿಯಂತೆ ಬ್ರೇಕೆಂದು ಅದು ತುಳಿದದ್ದು ಗೇರನ್ನು.

ಇನ್ನು ಎಡಗೈ. ಹನ್ನೊಂದು ವರ್ಷಗಳಿಂದ ನಾನು ಓಡಿಸುತ್ತಿರುವುದು ಸ್ಕೂಟರ್. ಅದರಲ್ಲಿ ಎಡಗೈಯ ಲಿವರ್ ಎಂದರೆ ಬ್ರೇಕ್. ಮೋಟಾರ್ ಸೈಕಲ್ಲಿನಲ್ಲಿ ಅದೇ ಜಾಗದಲ್ಲಿರುವುದು ಕ್ಲಚ್. ಕ್ಲಚ್ ಹಿಡಿದೊಡನೆ ಎಂಜಿನ್ನಿಗೂ ಚಕ್ರಕ್ಕೂ ಸಂಬಂಧ ತಪ್ಪುತ್ತದೆ. ಗಾಡಿ ನಿಲ್ಲುವ ಬದಲು ಸರಾಗವಾಗಿ ಉರುಳುತ್ತದೆ. ಬಲಗೈ ಆಕ್ಸಿಲರೇಟರನ್ನು ಪೂರ್ತಿ ಬಿಟ್ಟಿರದಿದ್ದರೆ, ಹೊರೆಯಿಲ್ಲದ ಎಂಜಿನ್ ಅರಚಿಕೊಳ್ಳುತ್ತದೆ. ಮೊಮ್ಮಗ ಕೇಳಿದ್ದು ಆ ಅರಚಾಟವನ್ನು. ಗಾಡಿಯ ವೇಗ ಇಳಿಯುತ್ತಿದ್ದಾಗಲೇ ಕೇಳಿದವನಿಗೆ ಅದು ವೇಗ ಏರಿದಂತೆ ತೋರಿತ್ತು.

ನನ್ನನ್ನು ಕಾಪಾಡಿದ್ದು ಬಲಗೈ ಮಾತ್ರ. ಬುಲೆಟ್, ಸ್ಕೂಟರ್, ಆರ್15, ಮೂರರಲ್ಲೂ ಮುಂದಿನ ಬ್ರೇಕ್ ಬಲಗೈಗೇ ಇರುವುದು ನನ್ನ ಅದೃಷ್ಟ. ಜೊತೆಗೆ ಚಕ್ರ ಬಿಗಿದು ಜಾರದಂತೆ ತಡೆಯುವ ಎ.ಬಿ.ಎಸ್. ಕೆಲಸ ಮಾಡಿತು. 125 ಸಿಸಿ ಮೇಲ್ಪಟ್ಟ ಎಲ್ಲ ಹೊಸ ದ್ವಿಚಕ್ರ ವಾಹನಗಳಿಗೆ 2019ರ ಏಪ್ರಿಲ್‌ನಿಂದ ಇದು ನಮ್ಮ ದೇಶದಲ್ಲಿ ಕಡ್ಡಾಯವಾಗಿದೆ. ಮರಳು ಚೆಲ್ಲಿದ್ದ ಆ ತಿರುವಿನಲ್ಲಿ ನನ್ನ ಹಳೆಯ ಬುಲೆಟ್ಟಿನ ಮುಂದಿನ ಬ್ರೇಕನ್ನು ಹಾಗೆ ಎಳೆದಿದ್ದರೆ ಕರುವಿಗಿಂತ ಮೊದಲು ನಾನೇ ನೆಲ ಕಾಣುತ್ತಿದ್ದೆ.

ಮರುದಿನ ಬೆಳಿಗ್ಗೆ ಏನೂ ಮಾತಾಡದೆ ಮೊಮ್ಮಗನೊಡನೆ ಶಾಲೆಯ ಮೈದಾನಕ್ಕೆ ಹೋದೆ. ಎರಡು ದಿನ, ದಿನಕ್ಕೆ ಒಂದು ಗಂಟೆ, ಅವನು ಮೇಷ್ಟ್ರು, ನಾನು ವಿದ್ಯಾರ್ಥಿ. ಮೂರನೆಯ ದಿನ ಅವನನ್ನು ಹಿಂದೆ ಬರಹೇಳಿ ಕೊಟ್ಟಿಗೆಹಾರದವರೆಗೆ ಹೋಗಿ, ನೀರುದೋಸೆ ತಿಂದು, ಹಿಂದಿರುಗಿದೆ. ಚಾರ್ಮಾಡಿ ಘಾಟಿ ಅಲ್ಲಿಂದ ಆಚೆಗೆ ಇಳಿಯುತ್ತದೆ, ನಾನು ಇಳಿಯಲಿಲ್ಲ. ರೇಸಿನ ಕಥೆ ಹೇಳುವವರು ಇದನ್ನು ದಯವಿಟ್ಟು ಗಮನಿಸಬೇಕು.

ಈಗ ಎರಡೂ ಗಾಡಿಗಳ ನಡತೆಯನ್ನು ಹೋಲಿಸಿ ಹೇಳಬಲ್ಲೆ. ಮೊದಲು ನನ್ನನ್ನು ಅಚ್ಚರಿಗೊಳಿಸಿದ ಲೆಕ್ಕ. ಬುಲೆಟ್ಟಿನ ಎಂಜಿನ್ 346 ಸಿಸಿ, ಅದರ ಶಕ್ತಿ 18 ಅಶ್ವಶಕ್ತಿ. ಆರ್15ರ ಎಂಜಿನ್ 155 ಸಿಸಿ, ಅದರ ಶಕ್ತಿಯೂ 18 ಅಶ್ವಶಕ್ತಿಗಿಂತ ತುಸು ಹೆಚ್ಚು, ಅಷ್ಟೆ. "ರಾಕೆಟ್" ಎಂದು ಮಗಳು ಹೆದರಿದ ಗಾಡಿಯಲ್ಲಿರುವುದು ನಾನು 1981ರಲ್ಲಿ ಅವಳ ತಾಯಿಯನ್ನು ಕೂರಿಸಿಕೊಂಡು ಹೋಗುತ್ತಿದ್ದ ಗಾಡಿಯಲ್ಲಿದ್ದಷ್ಟೇ ಕುದುರೆಗಳು. ವ್ಯತ್ಯಾಸವಿರುವುದು ಆ ಕುದುರೆಗಳು ಎಲ್ಲಿ ಸಿಗುತ್ತವೆ ಎಂಬುದರಲ್ಲಿ. ಬುಲೆಟ್ ನಿಮಿಷಕ್ಕೆ 5,625 ಸುತ್ತಿನಲ್ಲಿ ತನ್ನ ಪೂರ್ಣ ಶಕ್ತಿ ಕೊಟ್ಟರೆ, ಇದು 10,000 ಸುತ್ತಿನಲ್ಲಿ ಕೊಡುತ್ತದೆ. ಬುಲೆಟ್ಟನ್ನು ಬೇಗ ಮೇಲಿನ ಗೇರಿಗೆ ಹಾಕಿ ಗುಡುಗುಡು ಎಂದು ಏರು ಹತ್ತಿಸುವುದು ನನ್ನ ರೂಢಿ. ಇದನ್ನು ಹಾಗೆ ಹತ್ತಿಸಿದರೆ ಎಂಜಿನ್ ಏದುಸಿರು ಬಿಡುತ್ತದೆ. ಕೆಳಗಿನ ಗೇರಿನಲ್ಲೇ ಓಡಿಸಿದರೆ, ಸುಮಾರು 7,400 ಸುತ್ತಿನ ಬಳಿ ಕವಾಟಗಳ ಕ್ರಮ ಬದಲಾಗಿ, ನಿದ್ದೆಯಿಂದ ಎದ್ದಂತೆ ಮುನ್ನುಗ್ಗುತ್ತದೆ. ಆ ಮುನ್ನುಗ್ಗುವಿಕೆ ಎಲ್ಲಿ ಬರುತ್ತದೆಂದು ಗೊತ್ತಿಲ್ಲದವನಿಗೆ, ಅದು ಒಂದು ತಿರುವಿನ ನಡುವೆಯೂ ಬರಬಹುದು.

ಎರಡನೆಯದು ಕೂರುವ ಭಂಗಿ. ಬುಲೆಟ್ಟಿನ ಮೇಲೆ ಹೆಡ್‌ಮಾಸ್ಟರರ ಕುರ್ಚಿಯಲ್ಲಿ ಕುಳಿತಂತೆ ಬೆನ್ನು ನೇರ. ಇದರ ಮೇಲೆ ಪರೀಕ್ಷೆಯ ಕೊನೆಯ ಹತ್ತು ನಿಮಿಷದಲ್ಲಿ ಡೆಸ್ಕಿನ ಮೇಲೆ ಬಾಗಿ ಬರೆಯುವ ಹುಡುಗನ ಹಾಗೆ ಬಾಗಬೇಕು. ಸೀಟಿನ ಎತ್ತರ 815 ಮಿಲಿಮೀಟರ್. ನನಗೆ ತುದಿಗಾಲು ಮಾತ್ರ ನೆಲಕ್ಕೆ ತಾಗುತ್ತದೆ. ಮೊದಲ ದಿನ ದೇಹದ ಭಾರವನ್ನೆಲ್ಲ ಮಣಿಕಟ್ಟಿನ ಮೇಲೆ ಹಾಕಿ, ಹ್ಯಾಂಡಲನ್ನು ಬಿಗಿಯಾಗಿ ಹಿಡಿದು, "ಗಾಡಿ ತಿರುಗುವುದೇ ಇಲ್ಲ" ಎಂದು ದೂರಿದೆ. "ಅಜ್ಜ, ಕೈ ಸಡಿಲ ಬಿಡಿ, ತೊಡೆಯಲ್ಲಿ ಟ್ಯಾಂಕನ್ನು ಹಿಡಿಯಿರಿ" ಎಂದ ಮೊಮ್ಮಗ. ಹಾಗೆ ಮಾಡಿದೊಡನೆ ಗಾಡಿ ತಾನಾಗಿ ತಿರುಗಿತು. ಅದನ್ನು ತಿರುಗದಂತೆ ತಡೆದಿದ್ದವನು ನಾನೇ.

ಮೂರನೆಯದು ತಿರುವು. ವೇಗದಲ್ಲಿರುವ ಯಾವ ದ್ವಿಚಕ್ರವೂ ತಿರುಗುವುದು ವಾಲುವುದರಿಂದ. ಬಲಕ್ಕೆ ಹೋಗಬೇಕಾದರೆ ಬಲಗೈಯಿಂದ ಹ್ಯಾಂಡಲನ್ನು ಹದವಾಗಿ ಮುಂದಕ್ಕೆ ಒತ್ತಬೇಕು. ಮುಂದಿನ ಚಕ್ರ ಕ್ಷಣಕಾಲ ಎಡಕ್ಕೆ ಹೊರಳುತ್ತದೆ, ಗಾಡಿ ಬಲಕ್ಕೆ ವಾಲುತ್ತದೆ, ಬಲಕ್ಕೇ ಸಾಗುತ್ತದೆ. ಬುಲೆಟ್ಟಿನಲ್ಲೂ ನಾನು ಇದನ್ನೇ ಮಾಡುತ್ತಿದ್ದೆ, ತಿಳಿಯದೆ. ಅದರ 19 ಇಂಚಿನ ಚಕ್ರ, 160 ಕಿಲೋಗೂ ಮಿಗಿಲಾದ ಭಾರ ಎಲ್ಲವನ್ನೂ ನಿಧಾನಗೊಳಿಸಿ ಈ ಗುಟ್ಟನ್ನು ಮುಚ್ಚಿಟ್ಟಿದ್ದವು. ಆರ್15ರ ಚಕ್ರ 17 ಇಂಚು, ಭಾರ 142 ಕಿಲೋ, ಚಕ್ರಗಳ ನಡುವಿನ ಅಂತರವೂ ಕಡಿಮೆ. ಕೈಯ ಸಣ್ಣ ಒತ್ತಡಕ್ಕೂ ಕೂಡಲೇ ಉತ್ತರ ಬರುತ್ತದೆ. ತಿರುವಿನಲ್ಲಿ ಹಿಡಿದ ದಾರಿಯನ್ನು ಅದು ಎಳೆದ ಗೆರೆಯಂತೆ ಪಾಲಿಸುತ್ತದೆ. ನನ್ನ ಬುಲೆಟ್ ಅದೇ ತಿರುವಿನಲ್ಲಿ ನನ್ನೊಡನೆ ಚರ್ಚೆಗಿಳಿಯುತ್ತಿತ್ತು. ಆದರೆ ಕಿರಿದಾದ ಓಣಿಯಲ್ಲಿ ಹಿಂದಿರುಗಿಸುವಾಗ ಮಾತು ಬೇರೆ. ಇದರ ಹ್ಯಾಂಡಲ್ ಹೆಚ್ಚು ಹೊರಳದು. ನಮ್ಮ ಮನೆಯೆದುರು ಮೂರು ಸಲ ಹಿಂದಕ್ಕೆ ಮುಂದಕ್ಕೆ ತಳ್ಳಿ ತಿರುಗಿಸಿದ್ದನ್ನು ಪಕ್ಕದ ಮನೆಯವರು ಕುರ್ಚಿ ಹಾಕಿಕೊಂಡು ನೋಡಿದರು.

ನಾಲ್ಕನೆಯದನ್ನು ನ್ಯಾಯಕ್ಕಾಗಿ ಹೇಳಲೇಬೇಕು. ನನ್ನ ಬುಲೆಟ್ 80ರ ವೇಗ ದಾಟಿದೊಡನೆ ಕೈ, ಕಾಲು, ಕನ್ನಡಿ ಎಲ್ಲವನ್ನೂ ನಡುಗಿಸಿ "ಮೇಷ್ಟ್ರೇ ಸಾಕು" ಎನ್ನುತ್ತಿತ್ತು. ಆರ್15 ಆ ವೇಗದಲ್ಲಿ ಏನೂ ಹೇಳುವುದಿಲ್ಲ. ಅದರ ಮೌನವೇ ಅದರ ಅಪಾಯ. ಮಗಳ ಭಯದಲ್ಲಿ ಸತ್ಯವಿರುವುದು ಇಲ್ಲಿ.

ಇನ್ನು ನಿದ್ರೆಗೆಡಿಸಿದ ಪ್ರಶ್ನೆಗೆ ಬರುತ್ತೇನೆ.

ನಮ್ಮ ಶಾಲೆಯಲ್ಲಿ 1988ರಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದವರಿಗೆ ನಾನು ಯಾರ ಮಾತು ಎತ್ತುತ್ತಿದ್ದೇನೆಂದು ಹೇಳಬೇಕಾಗಿಲ್ಲ. ಹೆಸರು ಬರೆಯುವುದಿಲ್ಲ. ಗಣಿತದಲ್ಲಿ ಮುಂದಿದ್ದ, ಜಗಳವಾಡದ, ಶಾಂತ ಹುಡುಗ. 1993ರ ನವೆಂಬರಿನಲ್ಲಿ ಅವನಿಗೆ ಕೆಲಸ ಸಿಕ್ಕಿತು. ಆ ಸಂಜೆ ಗೆಳೆಯನ ಹೊಸ ಮೋಟಾರ್ ಸೈಕಲ್ಲನ್ನು ಕೇಳಿ ಪಡೆದು, ಸಿಹಿ ತರಲು ಪೇಟೆಗೆ ಹೊರಟವನು, ಕೆರೆಯ ಏರಿಯ ತಿರುವಿನಲ್ಲಿ ನಿಂತಿದ್ದ ಲಾರಿಗೆ ಡಿಕ್ಕಿ ಹೊಡೆದು ತೀರಿಕೊಂಡ. ತಿರುವಿನ ಅಂಗಡಿಯಲ್ಲಿದ್ದವರು, "ಕೊನೆಯಲ್ಲಿ ಎಂಜಿನ್ ಭಯಂಕರವಾಗಿ ಅರಚಿತು, ಅಷ್ಟು ಜೋರಾಗಿ ಬಂದ" ಎಂದರು. ಊರು ಅದನ್ನು ನಂಬಿತು. ಶಾಲೆಯಲ್ಲಿ ನಡೆದ ಸಂತಾಪ ಸಭೆಯಲ್ಲಿ ನಾನು ಮಾತಾಡಿದೆ. ಅವನ ಗುಣಗಳನ್ನು ಹೇಳಿದ ಮೇಲೆ, ಎದುರಿಗೆ ಕುಳಿತಿದ್ದ ಮಕ್ಕಳಿಗೆ ಬುದ್ಧಿ ಹೇಳುವ ಹುಮ್ಮಸ್ಸಿನಲ್ಲಿ, "ವೇಗದ ಅಮಲು ಇಂಥ ಒಳ್ಳೆಯ ಹುಡುಗನನ್ನೂ ಬಿಡಲಿಲ್ಲ" ಎಂದೆ. ಅವನ ತಾಯಿ ಮುಂದಿನ ಸಾಲಿನಲ್ಲಿದ್ದರು.

ಆ ಹುಡುಗ ಅದಕ್ಕೆ ಮೊದಲು ಓಡಿಸಿದ್ದದ್ದು ತಂದೆಯ ಮೊಪೆಡ್ಡನ್ನು ಮಾತ್ರ. ಮೊಪೆಡ್ಡಿನಲ್ಲಿ ಎರಡು ಬ್ರೇಕೂ ಕೈಯಲ್ಲೇ. ಎಡಗೈಯ ಲಿವರ್ ಬ್ರೇಕು. ಗೆಳೆಯನ ಗಾಡಿಯಲ್ಲಿ ಅದೇ ಜಾಗದಲ್ಲಿದ್ದದ್ದು ಕ್ಲಚ್. ಎದುರಿಗೆ ಲಾರಿ ಕಂಡಾಗ ಅವನ ಎಡಗೈ ಏನು ಮಾಡಿತು? ನಾನು ಅಲ್ಲಿರಲಿಲ್ಲ, ಆಣೆ ಮಾಡಿ ಹೇಳಲಾರೆ. ಆದರೆ ಎಂಜಿನ್ ಅರಚಿದ್ದು ವೇಗದ ಸಾಕ್ಷಿಯಲ್ಲ ಎಂಬುದನ್ನು ನನ್ನ ಎಡಗೈ ನನಗೆ ತೋರಿಸಿಕೊಟ್ಟಿದೆ. 38ರ ವೇಗದಲ್ಲಿ ಹೋಗುತ್ತಿದ್ದ, ಮೂವತ್ಮೂರು ವರ್ಷ ಮೋಟಾರ್ ಸೈಕಲ್ ಓಡಿಸಿದ ಮುದುಕನ ಕೈ ಅದೇ ತಪ್ಪು ಮಾಡಿತು. ಸ್ವಂತ ಮೊಮ್ಮಗನಿಗೇ ಅದು ವೇಗದಂತೆ ಕೇಳಿಸಿತು. ಹೊಸ ಎಂಜಿನ್ ಆದ್ದರಿಂದ ಮೊದಲ ಸಾವಿರ ಕಿಲೋಮೀಟರ್ ನಿಧಾನವಾಗಿ ಓಡಿಸೆಂದು ಹೇಳಿಯೇ ಕೀಲಿ ಕೊಟ್ಟಿದ್ದೆನೆಂದು ಆ ಗೆಳೆಯ ಅಂದೇ ಅಳುತ್ತಾ ಹೇಳಿದ್ದ. ನಾವು ಯಾರೂ ಕಿವಿಗೊಡಲಿಲ್ಲ. ನೀತಿಪಾಠಕ್ಕೆ ವೇಗವೇ ಅನುಕೂಲವಾಗಿತ್ತು.

ಆದ್ದರಿಂದ ನನ್ನ ಅಭಿಪ್ರಾಯವಿದು. ದ್ವಿಚಕ್ರ ವಾಹನದ ಮಟ್ಟಿಗೆ "ಅನುಭವ" ಎಂಬುದು ಆಯಾ ಗಾಡಿಯ ಅನುಭವ. ಅದನ್ನು ಇನ್ನೊಂದು ಗಾಡಿಗೆ ಹಾಗೆಯೇ ಹೊತ್ತೊಯ್ಯಲಾಗದು. ಸಾವಧಾನದಲ್ಲಿ ಓಡಿಸುವಾಗ ಬುದ್ಧಿ ಹೊಸದನ್ನು ನಿಭಾಯಿಸುತ್ತದೆ. ಅಪಾಯ ಎದುರಾದಾಗ ಬುದ್ಧಿ ಹಿಂದೆ ಸರಿದು, ದೇಹ ಹಳೆಯ ಪಾಠವನ್ನು ಒಪ್ಪಿಸುತ್ತದೆ. ಹಳೆಯ ಪಾಠ ಗಟ್ಟಿಯಾಗಿದ್ದಷ್ಟೂ ತಪ್ಪು ಗಟ್ಟಿಯಾಗುತ್ತದೆ. ಹಾಗಾಗಿ ಹೊಸ ಗಾಡಿಯ ಮೇಲೆ ಇಪ್ಪತ್ತರ ಹುಡುಗನಿಗಿಂತ ನನ್ನಂಥವರ ಬಗ್ಗೆಯೇ ಮನೆಯವರು ಹೆಚ್ಚು ಹೆದರಬೇಕು.

ನಮ್ಮ ಕಾನೂನು ಇದನ್ನು ಗಮನಿಸಿಲ್ಲ. ಗೇರಿರುವ ದ್ವಿಚಕ್ರಕ್ಕೆ ನಮ್ಮಲ್ಲಿ ಒಂದೇ ಪರವಾನಗಿ. 100 ಸಿಸಿ ಗಾಡಿಯಲ್ಲಿ ಎಂಟರ ಆಕಾರ ಬರೆದು ತೋರಿಸಿದ ಹದಿನೆಂಟರ ಹುಡುಗ ಮರುದಿನ 1,000 ಸಿಸಿ ಗಾಡಿ ಏರಬಹುದು. ಐರೋಪ್ಯ ಒಕ್ಕೂಟದ ದೇಶಗಳಲ್ಲಿ 2013ರ ಜನವರಿಯಿಂದ ಮೋಟಾರ್ ಸೈಕಲ್ಲಿಗೆ ಮೂರು ಹಂತಗಳಿವೆ: ಮೊದಲನೆಯದು 125 ಸಿಸಿ ಮತ್ತು 11 ಕಿಲೋವ್ಯಾಟ್ ಶಕ್ತಿಯವರೆಗೆ, ಎರಡನೆಯದು 35 ಕಿಲೋವ್ಯಾಟ್‌ವರೆಗೆ, ಅನಂತರ ಮಿಕ್ಕೆಲ್ಲವೂ. ಆ ಲೆಕ್ಕದಲ್ಲಿ ನನ್ನ ಮೊಮ್ಮಗನ ಗಾಡಿಯೂ ಮೊದಲ ಹಂತದವರಿಗೆ ಸಿಗದು. ನಮ್ಮಲ್ಲೂ ಇಂಥ ಹಂತಗಳು ಬರಬೇಕು. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 74,897 ಮಂದಿ ದ್ವಿಚಕ್ರ ವಾಹನಗಳಲ್ಲಿದ್ದವರು. ಕೇಂದ್ರ ಸಾರಿಗೆ ಇಲಾಖೆ ಕೊಟ್ಟ ಲೆಕ್ಕವಿದು. ಅವರಲ್ಲಿ ಎಷ್ಟು ಜನರ ಸಾವನ್ನು ನಾವು "ಅತಿವೇಗ" ಎಂಬ ಒಂದೇ ಪದದಲ್ಲಿ ಮುಗಿಸಿದ್ದೇವೋ!

ಕಾನೂನು ಬರುವವರೆಗೆ ಮನೆಯಲ್ಲಾದರೂ ಒಂದು ನಿಯಮವಿರಲಿ. ಯಾರ ಗಾಡಿಯನ್ನಾದರೂ ಮೊದಲ ಸಲ ಏರುವವರು ಅರ್ಧ ಗಂಟೆ ಖಾಲಿ ಮೈದಾನದಲ್ಲಿ ಕಳೆಯಬೇಕು. ನಿಂತ ಗಾಡಿಯ ಮೇಲೆ ಕುಳಿತು ಹಾಜರಿ ಕರೆದುಕೊಳ್ಳಬೇಕು: ಎಡಗೈ ಏನು? ಬಲಗೈ ಏನು? ಎಡಗಾಲು ಏನು? ಬಲಗಾಲು ಏನು? ಆಮೇಲೆ ನಿಧಾನ ವೇಗದಲ್ಲಿ ಹತ್ತು ಸಲ ಹಠಾತ್ತನೆ ನಿಲ್ಲಿಸಿ ನೋಡಬೇಕು. ಮೊದಲ ದಿನ ಹಿಂದೆ ಯಾರನ್ನೂ ಕೂರಿಸಬಾರದು. ಕೇಳಿದವರಿಗೆ ದಾಕ್ಷಿಣ್ಯಕ್ಕೆ ಕೀಲಿ ಕೊಡಬಾರದು. ಕೊಡುವುದಾದರೆ ಈ ಅರ್ಧ ಗಂಟೆಯನ್ನೂ ಜೊತೆಗೆ ಕೊಡಬೇಕು.

ಗಾಡಿ ಮಾರುವುದು ಬೇಡವೆಂದು ಮಗಳಿಗೆ ಹೇಳಿದ್ದೇನೆ. ಮೊಮ್ಮಗ ಅದನ್ನು ಕಲಿತು ಓಡಿಸುತ್ತಿದ್ದಾನೆ; ನನಗಿಂತ ಚೆನ್ನಾಗಿ ಕಲಿತಿದ್ದಾನೆ. 80ರ ಮೇಲೆ ಗಾಡಿ ಹೇಳದ ಮಾತನ್ನು ತಾನೇ ಹೇಳಿಕೊಳ್ಳುತ್ತೇನೆಂದು ಮಾತು ಕೊಟ್ಟಿದ್ದಾನೆ. ಮಗಳು ಇನ್ನೂ ಪೂರ್ತಿ ಒಪ್ಪಿಲ್ಲ.

ಹಬ್ಬ ಮುಗಿದ ವಾರ ಆ ಹುಡುಗನ ತಾಯಿಯ ಫೋನ್ ನಂಬರನ್ನು ಹುಡುಕಿಸಿ ಪಡೆದೆ. ಅವರು ಈಗ ಮಗಳ ಮನೆಯಲ್ಲಿದ್ದಾರೆ. ನಾನು ಕ್ಲಚ್ಚು ಬ್ರೇಕು ಎಂದು ಏನೇನೋ ವಿವರಿಸಿ, ಅಂದು ಸಭೆಯಲ್ಲಿ ಹಾಗೆ ಹೇಳಬಾರದಿತ್ತು ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವನು ಜೋರಾಗಿ ಓಡಿಸುವವನಲ್ಲ ಅಂತ ನನಗೆ ಅವತ್ತೇ ಗೊತ್ತಿತ್ತು ಮೇಷ್ಟ್ರೇ. ಯಾರಿಗೆ ಹೇಳಲಿ?" ಎಂದರು. ಆಮೇಲೆ ನನ್ನ ಮೊಣಕಾಲಿನ ನೋವಿನ ಬಗ್ಗೆ ವಿಚಾರಿಸಿದರು.

ಅಂದಿನ ಸಭೆಯಲ್ಲಿ ನನ್ನ ಮಾತು ಕೇಳಿದವರು ನಿಮ್ಮಲ್ಲಿ ಹಲವರಿದ್ದೀರಿ. ಅದನ್ನು ನಿಮ್ಮ ಮಕ್ಕಳಿಗೆ ಉದಾಹರಣೆಯಾಗಿ ಹೇಳಿರಲೂಬಹುದು. ಆ ಮಾತನ್ನು ನಾನು ಹಿಂತೆಗೆದುಕೊಂಡಿದ್ದೇನೆ. ಮುಂದೆ ಅವನ ಕಥೆ ಹೇಳುವ ಪ್ರಸಂಗ ಬಂದರೆ, ದಯವಿಟ್ಟು ಹೀಗೆ ಹೇಳಿ: ಅವನು ಒಳ್ಳೆಯ ಹುಡುಗ, ಅವನಿಗೆ ಆ ಗಾಡಿಯನ್ನು ಯಾರೂ ಕಲಿಸಿಕೊಟ್ಟಿರಲಿಲ್ಲ.